ಹಿತಕಿದ ಬೇಳೆಯನ್ನು ಆಷಾಢದವರೆಗೆ ಉಳಿಸಿಕೊಳ್ಳೋದು

ಸೊಗಡು ಅವರೆ ಬರೋದು ಚಳಿಗಾಲದಲ್ಲಿ. ಡಿಸೆಂಬರ್, ಜನವರಿಯಲ್ಲಿ ಗಾಂಧಿ ಬಜಾರ್ ತುಂಬ ಅದರದೇ ರಾಶಿ. ನಮ್ಮ ಮನೆಯವರಿಗೆ ಆಷಾಢದ ಜಿಟಿಜಿಟಿ ಮಳೆಯಲ್ಲೂ ಹಿತಕಿದ ಬೇಳೆ ಸಾರು ಬೇಕು. ಹಾಗಾಗಿ ಪ್ರತಿ ವರ್ಷ ಒಂದಷ್ಟು ಫ್ರೀಜರ್‌ಗೆ ಸೇರಿಸುತ್ತೇನೆ.

ಫ್ರೀಜರ್‌ನಲ್ಲಿಟ್ಟ ಕಾಳು ಬೆಳ್ಳಗೆ ಒಣಗಿ ಸುಕ್ಕಾಗೋದನ್ನು ನೋಡಿರುತ್ತೀರಿ. ಅದೇ ಫ್ರೀಜರ್ ಬರ್ನ್. ಕಾಳಿನೊಳಗಿನ ಐಸ್ ಕರಗದೆಯೇ ನೇರವಾಗಿ ಆವಿಯಾಗಿ, ಕವರ್‌ನ ಒಳಮೈಗೆ ಹರಳು ಹರಳಾಗಿ ಕೂರುತ್ತದೆ. ತಿಂದರೆ ಅಪಾಯವಿಲ್ಲ, ಆದರೆ ರುಚಿ ಹೋಗಿರುತ್ತದೆ. ಕವರ್‌ನಲ್ಲಿ ಉಳಿದ ಗಾಳಿ, ಆಗಾಗ ಏರಿಳಿಯೋ ತಣ್ಪು, ಇವೆರಡೇ ಇದಕ್ಕೆ ಮುಖ್ಯ ಕಾರಣ.

ಬೇಳೆ ಹಿತುಕಿದ ದಿನವೇ ಕುದಿಯೋ ನೀರಿಗೆ ಹಾಕಿ, ಸುಮಾರು ಎರಡು ನಿಮಿಷಕ್ಕೆ ತೆಗೆದು ಐಸ್ ನೀರಿಗೆ ಸುರಿಯುತ್ತೇನೆ. ಹೀಗೆ ಮಾಡದಿದ್ದರೆ ಕಾಳಿನಲ್ಲಿರೋ ಕಿಣ್ವಗಳು ಫ್ರೀಜರ್‌ನಲ್ಲೂ ನಿಧಾನವಾಗಿ ಬಣ್ಣ, ರುಚಿ ಕೆಡಿಸುತ್ತವೆ. ಆಮೇಲೆ ಹಳೇ ಪಂಚೆ ಮೇಲೆ ಹರಡಿ ಒರೆಸಬೇಕು. ಇಲ್ಲಿ ಅವಸರ ಬೇಡ. ಮೇಲ್ಮೈಯಲ್ಲಿ ನೀರು ಉಳಿದರೆ ಅದೇ ಐಸ್ ಆಗಿ ಕಾಳೆಲ್ಲ ಒಂದಕ್ಕೊಂದು ಅಂಟುತ್ತದೆ. ಒಣಗಿದ್ದನ್ನು ತಟ್ಟೆಯಲ್ಲಿ ಒಂದೇ ಪದರವಾಗಿ ಹರಡಿ ಗಟ್ಟಿಯಾಗೋವರೆಗೆ ಫ್ರೀಜರ್‌ನಲ್ಲಿಡುತ್ತೇನೆ. ನಂತರವೇ ಪ್ಯಾಕೆಟ್.

ಒಂದು ಪ್ಯಾಕೆಟ್‌ಗೆ ಒಂದು ಹೊತ್ತಿನ ಸಾರಿಗಾಗುವಷ್ಟೇ. ಗಾಳಿ ತೆಗೆಯಲು ಸ್ಟ್ರಾದಿಂದ ಹೀರೋರಿದ್ದಾರೆ, ನನಗದು ಇಷ್ಟವಿಲ್ಲ. ಜಿಪ್ ಕವರನ್ನು ಚೂರು ತೆರೆದಿಟ್ಟು, ಬಾಯಿ ಮೇಲಿರುವಂತೆ ಬಕೆಟ್ ನೀರಿಗೆ ನಿಧಾನವಾಗಿ ಇಳಿಸುತ್ತೇನೆ. ನೀರಿನ ಒತ್ತಡಕ್ಕೆ ಗಾಳಿ ತಾನೇ ಹೊರಗೆ ಹೋಗುತ್ತದೆ. ಬಾಯಿ ಮುಳುಗೋ ಮುಂಚೆ ಜಿಪ್ ಎಳೆದರಾಯಿತು. ಹೊರಗಿನ ನೀರು ಒರೆಸಿ, ತಾರೀಕು ಬರೆದು, ಚಪ್ಪಟೆಯಾಗಿ ಜೋಡಿಸುತ್ತೇನೆ. ತರಕಾರಿ ಅಂಗಡಿಯ ತೆಳು ಕವರ್ ಇದಕ್ಕೆ ಬೇಡವೇ ಬೇಡ, ಅದರಲ್ಲಿ ತೇವ ಹೊರಗೆ ಹೋಗುತ್ತದೆ.

ಫ್ರೀಜರ್ ಮೈನಸ್ 18 ಡಿಗ್ರಿಯಲ್ಲಿರಬೇಕು. ಫ್ರಾಸ್ಟ್ ಫ್ರೀ ಫ್ರಿಜ್‌ಗಳು ಐಸ್ ಕಟ್ಟದಿರಲಿ ಅಂತ ಆಗಾಗ ಒಳಗಿನ ಕಾಯಿಲ್ ಬಿಸಿ ಮಾಡಿಕೊಳ್ಳುತ್ತವೆ. ಹಾಗಾಗಿ ಒಳಗೆ ಗಾಳಿ ಉಳಿದ ಪ್ಯಾಕೆಟ್ ಅದರಲ್ಲಿ ಬೇಗ ಒಣಗುತ್ತದೆ. ಇನ್ನು ಕರೆಂಟ್ ಹೋದಾಗ ಬಾಗಿಲು ತೆಗೆಯೋದೇ ಇಲ್ಲ. ತುಂಬಿದ ಫ್ರೀಜರ್ ಜಾಸ್ತಿ ಹೊತ್ತು ತಣ್ಣಗಿರುತ್ತದೆ ಅಲ್ವಾ, ಅದಕ್ಕೇ ಖಾಲಿ ಜಾಗದಲ್ಲಿ ಮುಕ್ಕಾಲು ನೀರು ತುಂಬಿದ ಬಾಟಲಿ ಇಡುತ್ತೇನೆ.

ಸಾರು ಮಾಡುವಾಗ ಕರಗಿಸೋದು ಬೇಡ, ನೇರವಾಗಿ ಕುದಿಯೋ ನೀರಿಗೆ ಹಾಕಿ. ಮೊದಲೇ ಅರೆ ಬೆಂದಿರೋದರಿಂದ ಬೇಗ ಬೇಯುತ್ತದೆ. ಬಟಾಣಿಗೂ ಇದೇ ಕ್ರಮ. ತೆಂಗಿನ ತುರಿಗೆ ಬೇಯಿಸೋ ಕೆಲಸವಿಲ್ಲ, ಸಣ್ಣ ಡಬ್ಬಿಯಲ್ಲಿ ಒತ್ತಿ ತುಂಬಿದರೆ ಸಾಕು. ಆಲೂಗಡ್ಡೆ ಹಾಕಿದ ಸಾಗುವನ್ನು ಮಾತ್ರ ನಾನು ಇಡೋದಿಲ್ಲ, ಕರಗಿದ ಮೇಲೆ ಹೋಳು ನೀರು ಬಿಟ್ಟು ಮರಳು ಮರಳಾಗುತ್ತದೆ.