ಹದ್ದಿನ ಕತೆ ಬಿಟ್ಟ ಮೇಲೆ

ನನ್ನ ಓಮ್ನಿಯ ಹಿಂದಿನ ಸೀಟು ಬಿಚ್ಚಿ ಮನೆಯ ಅಟ್ಟ ಸೇರಿ ವರ್ಷಗಳಾದವು. ಆ ಜಾಗದಲ್ಲಿ ಪ್ರೊಜೆಕ್ಟರ್, ಎರಡು ಸ್ಪೀಕರ್, ಯುಪಿಎಸ್, ಸುತ್ತಿಟ್ಟ ಪರದೆ, ಮತ್ತೆ ಕಾಫಿ ಒಣಗಿಸುವ ಎರಡು ಟಾರ್ಪಾಲು. ಕೊಡಗಿನ ಶಾಲೆಗಳಿಗೆ ಹೋಗಿ ಮಕ್ಕಳಲ್ಲಿ ಹುರುಪು ತುಂಬುವ ಚಿತ್ರ, ಧ್ವನಿ, ಮಾತಿನ ಕಾರ್ಯಕ್ರಮ ಕೊಡುವುದು ನನ್ನ ಕೆಲಸ. ಸರ್ಕಾರಿ ಶಾಲೆಗಳಲ್ಲಿ ದುಡ್ಡು ತೆಗೆದುಕೊಳ್ಳುವುದಿಲ್ಲ. ಖಾಸಗಿಯವರು ಕೊಡುವುದರಲ್ಲಿ ಪೆಟ್ರೋಲು ಹೇಗೋ ಸಾಗುತ್ತದೆ.

ಟಾರ್ಪಾಲು ಇರುವುದು ಕತ್ತಲೆಗೆ. ಹಳೇ ಹೆಂಚಿನ ಶಾಲೆಗಳಲ್ಲಿ ಕಿಟಕಿಗೆ ಒಂದು ಬಾಗಿಲಿದ್ದರೆ ಇನ್ನೊಂದಿರುವುದಿಲ್ಲ, ಮೇಲೆ ಗಾಜಿನ ಹೆಂಚು ಬೇರೆ. ಬೆಳಿಗ್ಗೆ ಹನ್ನೊಂದರ ಬಿಸಿಲಿನ ಮುಂದೆ 3000 ಲುಮೆನ್ಸ್ ಪ್ರೊಜೆಕ್ಟರು ನೀರು ಮಜ್ಜಿಗೆ. ಕಿಟಕಿಗೆ ಟಾರ್ಪಾಲು ಕಟ್ಟಿ, ಗಾಜಿನ ಹೆಂಚಿನ ಬೆಳಕು ಬೀಳದ ಮೂಲೆ ಹುಡುಕಿ ಪರದೆಯನ್ನೇ ಅಲ್ಲಿಗೆ ಒಯ್ಯುತ್ತೇನೆ. ಮಕ್ಕಳು ಅಡ್ಡಡ್ಡ ಕೂತರೂ ಪರವಾಗಿಲ್ಲ.

ಮಳೆಗಾಲದಲ್ಲಿ ಹೋಗುವುದನ್ನು ಬಿಟ್ಟಿದ್ದೇನೆ. ಜಿಲ್ಲಾಧಿಕಾರಿಗಳು ಯಾವಾಗ ರಜೆ ಕೊಡುತ್ತಾರೋ ಗೊತ್ತಾಗುವುದಿಲ್ಲ, ರಜೆ ಇಲ್ಲದಿದ್ದರೆ ಶೀಟಿನ ಮಾಡಿನ ಮೇಲೆ ಬೀಳುವ ಜುಲೈ ಮಳೆಯನ್ನು ಗೆಲ್ಲುವ ಸ್ಪೀಕರ್ ನನ್ನಲ್ಲಿಲ್ಲ. ಮೊದಲ ವರ್ಷ ಹೋಗಿದ್ದೆ. ನಡುವೆ ಕರೆಂಟು ಹೋಯಿತು, ಬಿಸಿಯಾಗಿದ್ದ ಲ್ಯಾಂಪಿನ ಫ್ಯಾನ್ ನಿಂತಿತು, ಲ್ಯಾಂಪು ಸತ್ತಿತು. ನಾಲ್ಕು ಶಾಲೆಯ ಗಳಿಕೆ ಅದಕ್ಕೇ ಹೋಯಿತು. ಯುಪಿಎಸ್ ಕೊಂಡದ್ದು ಆಮೇಲೆ. ಅದು ಕಾರ್ಯಕ್ರಮ ಮುಂದುವರಿಸಲು ಅಲ್ಲ, ಲ್ಯಾಂಪು ತಣ್ಣಗಾಗುವವರೆಗೆ ಫ್ಯಾನ್ ತಿರುಗಿಸಲು. ಲೆನ್ಸಿಗೆ ಬೂಷ್ಟು ಹಿಡಿಯದಂತೆ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇಡುತ್ತೇನೆ, ಆಗಾಗ ಅದನ್ನು ಬಿಸಿ ಮಾಡಿ ಒಣಗಿಸುತ್ತೇನೆ.

ಸಿದ್ದಾಪುರ, ವಿರಾಜಪೇಟೆ ಕಡೆ ಮಧ್ಯಾಹ್ನದ ಮೇಲೆ ಕಾರ್ಯಕ್ರಮ ಇಟ್ಟುಕೊಳ್ಳುವುದಿಲ್ಲ. ಮಕ್ಕಳು ತೋಟದೊಳಗಿನ ದಾರಿಯಲ್ಲಿ ನಡೆದು ಮನೆ ಸೇರಬೇಕು. ಆನೆ ಇದೆ ಅಂತ ಫೋನು ಬಂದರೆ ಯಾವ ಮೇಷ್ಟ್ರೂ ಕೂತು ಸ್ಫೂರ್ತಿ ಪಡೆಯುವುದಿಲ್ಲ. ಹತ್ತೂವರೆಗೆ ಶುರು, ನಲವತ್ತೇ ನಿಮಿಷ, ಬಿಸಿಯೂಟದ ಸಾರಿನ ವಾಸನೆ ಬರುವುದರೊಳಗೆ ಮುಗಿಸಬೇಕು.

ಇಷ್ಟೆಲ್ಲ ಸರಿಪಡಿಸಿಕೊಂಡ ಮೇಲೂ ತೋರಿಸುವುದರಲ್ಲೇ ದೋಷವಿತ್ತು. ಆಗ ನನ್ನ ಮುಖ್ಯ ಐಟಂ ಹದ್ದಿನ ಕತೆ. ನಲವತ್ತು ವರ್ಷಕ್ಕೆ ಮುದಿಯಾದ ಹದ್ದು ಬೆಟ್ಟಕ್ಕೆ ಹೋಗಿ ಕೊಕ್ಕನ್ನು ಬಂಡೆಗೆ ಬಡಿದು ಕಿತ್ತುಕೊಳ್ಳುತ್ತದೆ, ಹೊಸದು ಬರುವವರೆಗೆ ಕಾದು ಇನ್ನೂ ಮೂವತ್ತು ವರ್ಷ ಬಾಳುತ್ತದೆ. ಹಿನ್ನೆಲೆಗೆ ಡ್ರಮ್ಮು, ಕೊಳಲು. ನೀವೂ ಎಲ್ಲಾದರೂ ಕೇಳಿರುತ್ತೀರಿ. ನಾಗರಹೊಳೆ ಅಂಚಿನ ಒಂದು ಶಾಲೆಯಲ್ಲಿ ಬುಡಕಟ್ಟಿನವರ ಹಾಡಿಯ ಹುಡುಗನೊಬ್ಬ ಕೈ ಎತ್ತಿದ. “ಸಾರ್, ಕೊಕ್ಕಿಲ್ದೆ ಅದು ಏನ್ ತಿಂತದೆ?”

ನಗಿಸಿ ದಾಟಿಸಿದೆ. ರಾತ್ರಿ ಮನೆಗೆ ಬಂದು ಹುಡುಕಿದರೆ ಹುಡುಗನೇ ಸರಿ. ಕೊಕ್ಕು ನಮ್ಮ ಉಗುರಿನ ಹಾಗೆ ಬೆಳೆಯುತ್ತಲೇ ಇರುತ್ತದೆ, ಸವೆಯುತ್ತಲೂ ಇರುತ್ತದೆ. ಅದನ್ನೇ ಕಿತ್ತುಕೊಂಡ ಹದ್ದು ಉಪವಾಸ ಸಾಯುತ್ತದೆ. ಕಾಡಿನ ಹದ್ದು ಎಪ್ಪತ್ತು ವರ್ಷ ಬದುಕುವುದೂ ಇಲ್ಲ. ಎಷ್ಟು ಸಾವಿರ ಮಕ್ಕಳಿಗೆ ಡ್ರಮ್ಮು ಬಾರಿಸಿ ಸುಳ್ಳು ಹೇಳಿದ್ದೆನೋ.

ಅದರ ಜಾಗಕ್ಕೆ ಹಾಕಿ ಆಟದ ಕತೆ ತಂದೆ. ಎಂ.ಎಂ. ಸೋಮಯ್ಯ, 1980ರ ಮಾಸ್ಕೋ ಒಲಿಂಪಿಕ್ಸ್ ಚಿನ್ನ. ಕೊಡಗಿನಲ್ಲಿ ಇದಕ್ಕೆ ಚಪ್ಪಾಳೆ ಬೀಳದೆ ಇರುತ್ತದೆಯೇ? ಬಿತ್ತು. ಆದರೆ ತೋಟದ ಕೂಲಿಯವರ ಮಕ್ಕಳೇ ಹೆಚ್ಚಿದ್ದ ಶಾಲೆಯೊಂದರಲ್ಲಿ ಏಳನೇ ಕ್ಲಾಸಿನ ಹುಡುಗಿ ಮೆಲ್ಲಗೆ ಅಂದಳು, “ಅವ್ರು ಐನ್‌ಮನೆಯವ್ರು ಸಾರ್, ನಾವು ಲೈನ್‌ಮನೆಯವ್ರು.” ಐನ್‌ಮನೆ ಅಂದರೆ ಕೊಡವ ಮನೆತನದ ಮೂಲ ಮನೆ, ಲೈನ್‌ಮನೆ ಅಂದರೆ ತೋಟದ ಕೂಲಿಯವರ ಸಾಲುಮನೆ. ನನ್ನಲ್ಲಿ ಉತ್ತರವಿರಲಿಲ್ಲ. ಈಗಲೂ ಪೂರ್ತಿ ಇಲ್ಲ.

ಅವತ್ತಿನಿಂದ ಮುಖ, ಮನೆತನ ಎರಡನ್ನೂ ಪರದೆಯಿಂದ ತೆಗೆದೆ. ಈಗ ಕಪ್ಪು ಪರದೆ, ಬಿಳಿ ಅಂಕಿ, ಟೆನಿಸ್ ಚೆಂಡಿನ ಸದ್ದು, ಅಷ್ಟೇ. 2010: ಅಮೆರಿಕನ್ ಓಪನ್ ಡಬಲ್ಸ್ ಫೈನಲ್, ಸೋಲು. 2023: ಅದೇ ಟೂರ್ನಿಯ ಫೈನಲ್, ಮತ್ತೆ ಸೋಲು. 2024: ಆಸ್ಟ್ರೇಲಿಯನ್ ಓಪನ್ ಡಬಲ್ಸ್, ಗೆಲುವು, ವಯಸ್ಸು 43. ಯಾರಿರಬಹುದು ಅಂತ ಕೇಳುತ್ತೇನೆ. ಸಚಿನ್, ಧೋನಿ ಎಲ್ಲ ಬಂದು ಹೋದ ಮೇಲೆ ರೋಹನ್ ಬೋಪಣ್ಣ ಅನ್ನುತ್ತೇನೆ. ಕಪ್ಪು ಪರದೆಯಿಂದ ಒಂದು ಅನುಕೂಲವೂ ಆಯಿತು: ಅರೆಬೆಳಕಿನ ಕೋಣೆಯಲ್ಲೂ ದಪ್ಪ ಬಿಳಿ ಅಂಕಿ ಕಾಣುತ್ತದೆ.

ಇದನ್ನು ಶುರು ಮಾಡಿದ ಹೊಸದರಲ್ಲಿ ಸೋಮವಾರಪೇಟೆ ಕಡೆಯ ಹುಡುಗನೊಬ್ಬ, 2010ರಿಂದ 2023ರವರೆಗೆ ಅವರು ಏನು ಮಾಡುತ್ತಿದ್ದರು ಅಂತ ಕೇಳಿದ. ಆಡುತ್ತಿದ್ದರು ಅಂದೆ. “ಅದ್ನ ತೋರ್ಸ್ಲೇ ಇಲ್ಲ ನೀವು” ಅಂದ.

ಈಗ ಆ ಎರಡು ಅಂಕಿಗಳ ನಡುವೆ ಪರದೆ ಖಾಲಿ. ವರ್ಷಕ್ಕೊಂದರಂತೆ ಚೆಂಡಿನ ಏಟು ಮಾತ್ರ, 13 ಸಲ, ನಿಧಾನಕ್ಕೆ. ಏಳನೆಯದಕ್ಕೆ ಒಂದು ಕ್ಷಣ 2017 ಅಂತ ಮೂಡುತ್ತದೆ, ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಗೆದ್ದ ವರ್ಷ. ಮತ್ತೆ ಕತ್ತಲೆ. ಲ್ಯಾಪ್‌ಟಾಪ್ ಹ್ಯಾಂಗ್ ಆಯಿತೇನೋ ಅಂದುಕೊಂಡು ಕೆಲವು ಕಡೆ ಮೇಷ್ಟ್ರು ಎದ್ದು ಬರುತ್ತಾರೆ. ಹಿಂದಿನ ಸಾಲಿನವರು ಅಷ್ಟರಲ್ಲಿ ಎಂಟು, ಒಂಬತ್ತು ಅಂತ ಎಣಿಸುತ್ತಿರುತ್ತಾರೆ.