ಇಂಗ್ಲಿಷ್ ಓದಿದ್ದು ಅರ್ಥವಾಯಿತೇ? ಪ್ರಶ್ನೆಪತ್ರಿಕೆ ತಯಾರಿಸುವ ಕ್ರಮ

ಈ ವಾಕ್ಯವನ್ನೊಮ್ಮೆ ಓದಿ: ‘ಮೊಳವಿಯು ಸಂಜೆ ಎರಡು ಟಿಗುಬೆಗಳನ್ನು ಜಿಮುಕಿಸಿತು.’ ಈಗ ಉತ್ತರಿಸಿ. ಟಿಗುಬೆಗಳನ್ನು ಜಿಮುಕಿಸಿದ್ದು ಯಾವುದು? ಎಷ್ಟು ಟಿಗುಬೆಗಳನ್ನು? ಯಾವಾಗ? ಮೂರಕ್ಕೆ ಮೂರೂ ಸರಿ ಬರೆದಿರಿ. ಆದರೆ ಮೊಳವಿ ಎಂದರೇನು, ಟಿಗುಬೆ ಎಂದರೇನು ಎಂದು ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅಂಥ ಪದಗಳೇ ಇಲ್ಲ.

ಕನ್ನಡ ಮಾಧ್ಯಮದ ಎಷ್ಟೋ ಮಕ್ಕಳು ಇಂಗ್ಲಿಷ್ ಗದ್ಯಭಾಗದ ಪ್ರಶ್ನೆಗಳಿಗೆ ಉತ್ತರ ಬರೆಯುವುದು ಹೀಗೆಯೇ. ಪ್ರಶ್ನೆಯಲ್ಲಿರುವ ಪದ ಗದ್ಯದಲ್ಲಿ ಎಲ್ಲಿದೆ ಎಂದು ಹುಡುಕುತ್ತಾರೆ, ಆ ಸಾಲನ್ನು ಹಾಗೇ ಎತ್ತಿ ಬರೆಯುತ್ತಾರೆ. ಅಂಕ ಬರುತ್ತದೆ, ಅರ್ಥ ಬಂದಿರುವುದಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಪಾಸಾದವರು ಕಾಲೇಜಿಗೆ ಹೋಗಿ ಇಂಗ್ಲಿಷ್‌ನ ಒಂದು ನೋಟಿಸು ಓದಲಾರದೆ ನಿಲ್ಲುವುದಕ್ಕೆ ಇದೂ ಒಂದು ಕಾರಣ. ಇದರಲ್ಲಿ ಮಕ್ಕಳ ತಪ್ಪಿಲ್ಲ, ಪ್ರಶ್ನೆ ಕೇಳಿದವರು ನಾವು. ಎಂಟರಿಂದ ಹತ್ತನೇ ತರಗತಿಯ ಮಕ್ಕಳಿಗೆ ಶಾಲೆಯಲ್ಲೋ ಟ್ಯೂಷನ್ನಿನಲ್ಲೋ ಮನೆಯಲ್ಲೋ ಒಂದು ಸಣ್ಣ ಪರೀಕ್ಷೆ ಕೊಡುವವರಿಗೆ ಈ ಬರಹ. ಮಗು ಎಲ್ಲಿ ಎಡವುತ್ತಿದೆ ಎಂದು ಪರೀಕ್ಷೆಯಿಂದ ನಮಗೆ ತಿಳಿಯಬೇಕು. ಅಂಕ ಆಮೇಲಿನ ಮಾತು.

ಮೊದಲು ಗದ್ಯಭಾಗ

ಪಾಠದಲ್ಲಿ ಬಂದ ಗದ್ಯ ಬೇಡ. ಅದರ ಪ್ರಶ್ನೋತ್ತರ ಗೈಡಿನಲ್ಲಿದೆ, ಬಾಯಿಪಾಠವಾಗಿದೆ. ಅಲ್ಲಿ ಅಳೆಯುವುದು ನೆನಪಿನ ಶಕ್ತಿಯನ್ನು. ನೂರೈವತ್ತು ಪದಗಳ ಒಳಗಿನ ಹೊಸ ಗದ್ಯ ಸಾಕು. ಬಸ್ ನಿಲ್ದಾಣ, ಸಂತೆ, ಕ್ರಿಕೆಟ್, ಆಸ್ಪತ್ರೆ, ಹೀಗೆ ಮಗುವಿಗೆ ಪರಿಚಯವಿರುವ ಲೋಕದ್ದಾಗಿರಲಿ. ನೀವೇ ಬರೆದರೆ ಇನ್ನೂ ಒಳ್ಳೆಯದು.

ಎಷ್ಟು ಕಷ್ಟದ ಗದ್ಯ? ಪದಸಂಪತ್ತಿನ ಬಗ್ಗೆ ದಶಕಗಳ ಕಾಲ ಕೆಲಸ ಮಾಡಿದ ನ್ಯೂಜಿಲೆಂಡಿನ ಪಾಲ್ ನೇಷನ್ ಮತ್ತು ಅವರ ಸಹೋದ್ಯೋಗಿಗಳು ಒಂದು ಅಳತೆ ಕೊಟ್ಟಿದ್ದಾರೆ. ಯಾರ ಸಹಾಯವೂ ಇಲ್ಲದೆ ಸಲೀಸಾಗಿ ಓದಿ ಅರ್ಥಮಾಡಿಕೊಳ್ಳಬೇಕಾದರೆ ನೂರರಲ್ಲಿ ಸುಮಾರು 98 ಪದಗಳು ಗೊತ್ತಿರಬೇಕು. ಅಂದರೆ ಐವತ್ತು ಪದಕ್ಕೆ ಒಂದು ಹೊಸ ಪದ, ನೂರೈವತ್ತು ಪದದ ಗದ್ಯದಲ್ಲಿ ಮೂರು. ತರಗತಿಯ ಸಾಧಾರಣ ವಿದ್ಯಾರ್ಥಿಯೊಬ್ಬನಿಗೆ ಗದ್ಯ ಕೊಟ್ಟು, ಗೊತ್ತಿಲ್ಲದ ಪದಗಳಿಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆಯಲು ಹೇಳಿ. ಹತ್ತು ಹನ್ನೆರಡು ಗೆರೆ ಬಿದ್ದರೆ ಆ ಗದ್ಯ ಕೈಬಿಡಿ, ಅಥವಾ ಪದಗಳನ್ನು ಬದಲಿಸಿ. ಹೀಗೆ ಗೆರೆ ಎಳೆದ ಹುಡುಗನಿಗೆ ಅದೇ ಗದ್ಯವನ್ನು ಪರೀಕ್ಷೆಯಲ್ಲಿ ಕೊಡಬಾರದು.

ಎತ್ತಿ ಬರೆಯಲಾಗದ ಪ್ರಶ್ನೆ

ಒಂದು ಸಣ್ಣ ಉದಾಹರಣೆ ನೋಡೋಣ. ‘ಮೀನಾ ಲಾಕ್ಡ್ ದ ಶಾಪ್ ಅಟ್ ಸಿಕ್ಸ್ ಅಂಡ್ ರ‍್ಯಾನ್ ಟು ದ ಬಸ್ ಸ್ಟ್ಯಾಂಡ್. ಇಟ್ ವಾಸ್ ಎಂಪ್ಟಿ. ಶಿ ಟುಕ್ ಔಟ್ ಹರ್ ಫೋನ್ ಅಂಡ್ ಕಾಲ್ಡ್ ಹರ್ ಬ್ರದರ್.’

ಮೀನಾ ಅಂಗಡಿಗೆ ಬೀಗ ಹಾಕಿದ್ದು ಎಷ್ಟು ಗಂಟೆಗೆ? ಇದು ಎತ್ತಿ ಬರೆಯುವ ಪ್ರಶ್ನೆ. ಒಂದಿರಲಿ, ಹೆದರಿದ ಮಗುವಿಗೆ ಧೈರ್ಯ ಬರುತ್ತದೆ. ಎರಡನೆಯದು: ‘ಇಟ್ ವಾಸ್ ಎಂಪ್ಟಿ’ ಎಂಬಲ್ಲಿ ಖಾಲಿ ಇದ್ದದ್ದು ಯಾವುದು? ಉತ್ತರ ಹಿಂದಿನ ವಾಕ್ಯದಲ್ಲಿದೆ. ಆದರೆ ಅಲ್ಲಿ ಅಂಗಡಿಯೂ ಇದೆ, ಬಸ್ ನಿಲ್ದಾಣವೂ ಇದೆ. ‘ಅಂಗಡಿ’ ಎಂದು ಬರೆದ ಮಗುವಿಗೆ ಪದಗಳು ಗೊತ್ತು, ವಾಕ್ಯದಿಂದ ವಾಕ್ಯಕ್ಕೆ ಅರ್ಥ ದಾಟುತ್ತಿಲ್ಲ. ಮೂರನೆಯದು: ಮೀನಾಗೆ ಬಸ್ ಸಿಕ್ಕಿತೇ? ನಿನಗೆ ಹೇಗೆ ಗೊತ್ತಾಯಿತು? ಬಸ್ ತಪ್ಪಿತು ಎಂಬ ಮಾತು ಗದ್ಯದಲ್ಲಿ ಎಲ್ಲಿಯೂ ಇಲ್ಲ. ಓಡಿದ್ದು, ನಿಲ್ದಾಣ ಖಾಲಿಯಿದ್ದದ್ದು, ಅಣ್ಣನಿಗೋ ತಮ್ಮನಿಗೋ ಫೋನ್ ಮಾಡಿದ್ದು, ಈ ಮೂರನ್ನೂ ಕೂಡಿಸಿಕೊಂಡರೆ ಮಾತ್ರ ಉತ್ತರ ಹೊಳೆಯುತ್ತದೆ. ಇಂಥ ಪ್ರಶ್ನೆ ಅರ್ಧದಷ್ಟಾದರೂ ಇರಲಿ.

ಸರಿ-ತಪ್ಪು ಗುರುತಿಸುವ ಪ್ರಶ್ನೆ ಕೊಡುವುದಾದರೆ ‘ಗದ್ಯದಲ್ಲಿ ಹೇಳಿಲ್ಲ’ ಎಂಬ ಮೂರನೇ ಆಯ್ಕೆಯನ್ನೂ ಸೇರಿಸಿ. ವಿದೇಶಕ್ಕೆ ಹೋಗುವವರು ಬರೆಯುವ ಐಇಎಲ್‌ಟಿಎಸ್ ಪರೀಕ್ಷೆಯಲ್ಲಿ ಈ ಕ್ರಮ ಇದೆ. ಎರಡೇ ಆಯ್ಕೆಯಿದ್ದರೆ ಕಣ್ಣು ಮುಚ್ಚಿ ಗುರುತು ಹಾಕಿದರೂ ಅರ್ಧ ಸರಿಯಾಗಬಹುದು. ಮೂರನೆಯದು ಬಂದಾಗ ಮಗು ತನ್ನ ಊಹೆ ಯಾವುದು, ಬರೆದವರು ಹೇಳಿದ್ದು ಯಾವುದು ಎಂದು ಬೇರೆ ಮಾಡಲೇಬೇಕಾಗುತ್ತದೆ. ‘ಮೀನಾ ಪ್ರತಿದಿನ ಆರಕ್ಕೆ ಅಂಗಡಿ ಮುಚ್ಚುತ್ತಾಳೆ’ ಎಂಬ ಹೇಳಿಕೆ ಇದಕ್ಕೆ ಚೆನ್ನಾಗಿ ಒದಗುತ್ತದೆ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಅರ್ಥಗ್ರಹಿಕೆಯ ಪ್ರಶ್ನೆಗೆ ಕನ್ನಡದಲ್ಲಿ ಉತ್ತರ ಬರೆಯಲು ಬಿಡಿ, ಪ್ರಶ್ನೆಯನ್ನೂ ಕನ್ನಡದಲ್ಲೇ ಕೇಳಿ. ‘ಇಂಗ್ಲಿಷ್ ಪರೀಕ್ಷೆಯಲ್ಲಿ ಕನ್ನಡವೇ?’ ಎಂದು ಹಲವು ಶಿಕ್ಷಕರು ಒಪ್ಪುವುದಿಲ್ಲ. ಇಂಗ್ಲಿಷ್‌ನಲ್ಲೇ ಬರೆಯಬೇಕೆಂದರೆ ಎರಡು ಸಾಮರ್ಥ್ಯ ಒಂದಕ್ಕೊಂದು ಸಿಕ್ಕಿಹಾಕಿಕೊಳ್ಳುತ್ತವೆ. ಅರ್ಥವಾಗಿಯೂ ಬರೆಯಲಾರದ ಮಗುವಿಗೆ ಸೊನ್ನೆ, ಅರ್ಥವಾಗದೆಯೂ ಸಾಲು ಎತ್ತಿ ಬರೆದ ಮಗುವಿಗೆ ಪೂರ್ಣ ಅಂಕ. ಬರವಣಿಗೆಯ ಪರೀಕ್ಷೆ ಬೇಕಿದ್ದರೆ ಅದಕ್ಕೆ ಬೇರೆ ದಿನ ಇಟ್ಟುಕೊಳ್ಳಿ. ಗಟ್ಟಿಯಾಗಿ ಓದಿಸಿ ನೋಡುವುದೂ ಸಾಲದು. 2005ರಿಂದ ಪ್ರಥಮ್ ಎಂಬ ಶಿಕ್ಷಣ ಸಂಸ್ಥೆಯ ನೆರವಿನಲ್ಲಿ ನಡೆಯುತ್ತಿರುವ, ಮಕ್ಕಳ ಕಲಿಕೆಯನ್ನು ಅಳೆಯುವ ‘ಅಸರ್’ ಸಮೀಕ್ಷೆಯು ಇಂಗ್ಲಿಷ್ ಓದು ಪರೀಕ್ಷಿಸಿದ ವರ್ಷಗಳಲ್ಲಿ, ವಾಕ್ಯ ಓದಿದ ಮಗುವನ್ನು ಅದರ ಅರ್ಥವೇನೆಂದೂ ಕೇಳಿದೆ. ಅರ್ಥವನ್ನು ತನ್ನ ಮಾತಿನಲ್ಲಿ ಹೇಳಿದರೆ ಸಾಕು.

ವ್ಯಾಕರಣದ ಭಾಗ

‘ಇದು ಯಾವ ಟೆನ್ಸ್?’ ಎಂದು ಕೇಳಬೇಡಿ. ಟೆನ್ಸಿನ ಹೆಸರು ಹೇಳುವ ಮಗು ಮಾತಿನಲ್ಲಿ ‘ಡಿಡ್ ಯೂ ವೆಂಟ್’ ಎನ್ನುತ್ತದೆ. ಬಿಡಿ ವಾಕ್ಯದಲ್ಲಿ ಬಿಟ್ಟ ಸ್ಥಳ ತುಂಬಿಸುವುದರಲ್ಲೂ ತೊಡಕಿದೆ. ‘ಐ ___ ಹಿಮ್ ಯೆಸ್ಟರ್ಡೇ’ ಎಂದು ಕೊಟ್ಟು ಪಕ್ಕದಲ್ಲಿ ‘ಮೀಟ್’ ಎಂದು ಬರೆದರೆ, ‘ಯೆಸ್ಟರ್ಡೇ’ ಕಂಡ ಕೂಡಲೇ ಕೈ ‘ಮೆಟ್’ ಎಂದು ಬರೆಯುತ್ತದೆ. ಅದೇ ಖಾಲಿ ಜಾಗವನ್ನು ಐದಾರು ವಾಕ್ಯಗಳ ಕತೆಯ ನಡುವೆ ಇಡಿ. ಯಾವ ಕಾಲದ ಮಾತು ಎಂಬುದನ್ನು ಆಗ ಮಗು ಕತೆಯಿಂದಲೇ ತಿಳಿದುಕೊಳ್ಳಬೇಕಾಗುತ್ತದೆ.

ಬಹು ಆಯ್ಕೆಯ ಪ್ರಶ್ನೆ ಬೇಕೆಂದರೆ ತಪ್ಪು ಆಯ್ಕೆಗಳನ್ನು ಮಕ್ಕಳ ನೋಟ್‌ಬುಕ್ಕಿನಿಂದಲೇ ಆರಿಸಿಕೊಳ್ಳಿ. ಕನ್ನಡ ಮನೆಮಾತಿನವರ ತಪ್ಪುಗಳಿಗೆ ಕಾರಣ ಇರುತ್ತದೆ. ‘ನಿನ್ನೆ ಆ ಸಿನಿಮಾ ನೋಡಿದ್ದೇನೆ’ ಎಂದು ಕನ್ನಡದಲ್ಲಿ ಧಾರಾಳವಾಗಿ ಹೇಳುತ್ತೇವೆ. ಹಾಗಾಗಿ ‘ಐ ಹ್ಯಾವ್ ಸೀನ್ ದಟ್ ಫಿಲ್ಮ್ ಯೆಸ್ಟರ್ಡೇ’ ಮಗುವಿನ ಕಿವಿಗೆ ತಪ್ಪೆನಿಸುವುದೇ ಇಲ್ಲ. ‘ಎ’, ‘ದ’ ಗಳಿಗೆ ಸಮನಾದದ್ದು ನಮ್ಮಲ್ಲಿಲ್ಲ, ಅವು ಸುಲಭವಾಗಿ ಬಿಟ್ಟುಹೋಗುತ್ತವೆ. ‘ಡಿಸ್ಕಸ್ ಅಬೌಟ್’, ‘ಐ ಆ್ಯಮ್ ಹ್ಯಾವಿಂಗ್ ಟೂ ಬ್ರದರ್ಸ್’ ನಮ್ಮ ಸುತ್ತ ದಿನವೂ ಕೇಳಿಸುತ್ತವೆ. ಇವನ್ನು ಆಯ್ಕೆಯಾಗಿಟ್ಟರೆ ಯಾರು ಎಲ್ಲಿ ನಿಂತಿದ್ದಾರೆ ಎಂದು ತಿಳಿಯುತ್ತದೆ. ಯಾರೂ ಆರಿಸದ ನಾಲ್ಕನೇ ಆಯ್ಕೆಯನ್ನು ಲೆಕ್ಕ ತುಂಬಿಸಲು ಹಾಕುವುದಕ್ಕಿಂತ ಗಟ್ಟಿಯಾದ ಮೂರೇ ಇರಲಿ.

ಏಳನೇ ಪದ ಅಳಿಸುವ ಪರೀಕ್ಷೆ

ವ್ಯಾಕರಣವನ್ನೂ ಓದನ್ನೂ ಒಟ್ಟಿಗೆ ನೋಡಲು ನನಗೆ ಅತ್ಯಂತ ಇಷ್ಟವಾದ ಕ್ರಮ ಕ್ಲೋಜ್. ಅಮೆರಿಕದ ವಿಲ್ಸನ್ ಟೇಲರ್ 1953ರಲ್ಲಿ ಇದನ್ನು ಮುಂದಿಟ್ಟದ್ದು ಬರಹ ಎಷ್ಟು ಸುಲಭವಾಗಿ ಓದಿಸಿಕೊಳ್ಳುತ್ತದೆ ಎಂದು ಅಳೆಯಲು. ಭಾಷೆ ಕಲಿಯುವವರ ಪರೀಕ್ಷೆಗೆ ಅದು ಬಂದದ್ದು ಆಮೇಲೆ. ಮಾಡುವುದು ಸುಲಭ. ಗದ್ಯದ ಮೊದಲ ವಾಕ್ಯವನ್ನೂ ಕೊನೆಯ ವಾಕ್ಯವನ್ನೂ ಪೂರ್ತಿ ಬಿಡಿ. ನಡುವೆ ಪ್ರತಿ ಏಳನೇ ಪದ ಅಳಿಸಿ, ಒಂದೇ ಉದ್ದದ ಗೆರೆ ಎಳೆಯಿರಿ. ಕೆಳಗೆ ಪದಗಳ ಪಟ್ಟಿ ಕೊಡಬೇಡಿ.

ಮೌಲ್ಯಮಾಪನವೇ ಇದರ ಸೊಗಸು. ‘ಶಿ ವೇಟೆಡ್ ___ ದ ಬಸ್’ ಎಂಬಲ್ಲಿ ‘ಫಾರ್’ ಬರೆಯಲು ವ್ಯಾಕರಣ ಬೇಕು. ‘ದ ಬಸ್ ಡಿಡ್ ನಾಟ್ ಕಮ್, ಸೋ ಶಿ ___ ಹೋಮ್’ ಎಂಬಲ್ಲಿ ಕತೆ ಅರ್ಥವಾಗಿರಬೇಕು. ‘ವಾಕ್ಡ್’ ಎಂದರೂ ಸರಿ, ‘ವೆಂಟ್’ ಎಂದರೂ ಸರಿ. ‘ವಾಕ್’ ಎಂದು ಬರೆದ ಮಗುವಿಗೆ ಅರ್ಥ ಪೂರ್ತಿ ಆಗಿದೆ, ಕ್ರಿಯಾಪದದ ರೂಪ ಮಾತ್ರ ತಪ್ಪಿದೆ. ‘ಹ್ಯಾಪಿ’ ಎಂದು ಬರೆದವರಿಗೆ ಎರಡೂ ಸಿಕ್ಕಿಲ್ಲ. ಹಾಗಾಗಿ ಉತ್ತರ ಪತ್ರಿಕೆಯ ಅಂಚಿನಲ್ಲಿ ಎರಡು ಕಲಂ ಹಾಕಿ, ಒಂದು ಅರ್ಥಕ್ಕೆ, ಒಂದು ರೂಪಕ್ಕೆ. ‘ವಾಕ್’ ಬರೆದವನಿಗೆ ಅರ್ಥದ ಕಲಂನಲ್ಲಿ ಅಂಕ ಕೊಡಿ. ಕಾಗುಣಿತದ ತಪ್ಪಿಗೆ ಎರಡರಲ್ಲೂ ಕಳೆಯಬೇಡಿ.

ಒಂದೇ ಬಗೆಯ ಪ್ರಶ್ನೆ ನೆಚ್ಚಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಹತ್ತಿರದ್ದೇ ಉದಾಹರಣೆ ಇದೆ. 1979ರಿಂದ 1984ರವರೆಗೆ ಬೆಂಗಳೂರು, ಮದ್ರಾಸು ಕಡೆಯ ಕೆಲವು ಶಾಲೆಗಳಲ್ಲಿ ಎನ್. ಎಸ್. ಪ್ರಭು ಅವರ ತಂಡವು ವ್ಯಾಕರಣವನ್ನು ನೇರವಾಗಿ ಹೇಳಿಕೊಡದೆ, ನಕ್ಷೆ, ರೈಲು ವೇಳಾಪಟ್ಟಿಯಂಥವನ್ನು ಕೊಟ್ಟು ಸಮಸ್ಯೆ ಬಿಡಿಸುತ್ತ ಇಂಗ್ಲಿಷ್ ಕಲಿಸಿತು. ಅದರ ಫಲ ಅಳೆಯಲು ಬಂದ ಅಲನ್ ಬೆರೆಟ್ಟಾ ಮತ್ತು ಅಲನ್ ಡೇವಿಸ್, ಒಂದೇ ಪತ್ರಿಕೆ ಕೊಟ್ಟರೆ ಈ ಮಕ್ಕಳ ಗುಂಪಿಗೋ ಎಂದಿನ ಕ್ರಮದಲ್ಲಿ ಕಲಿತ ಮಕ್ಕಳ ಗುಂಪಿಗೋ ಅನುಕೂಲವಾದೀತೆಂದು ಬಗೆಬಗೆಯ ಪರೀಕ್ಷೆ ಕೊಟ್ಟರು: ಬಿಡಿ ವ್ಯಾಕರಣ, ಸಂದರ್ಭದೊಳಗಿನ ವ್ಯಾಕರಣ, ಉಕ್ತಲೇಖನ, ಅರ್ಥಗ್ರಹಿಕೆ, ಸಮಸ್ಯೆ ಬಿಡಿಸುವುದು. ಎಲ್ಲದರಲ್ಲೂ ಒಂದೇ ಗುಂಪು ಮುಂದೆ ಬರಲಿಲ್ಲ.

ಪತ್ರಿಕೆಯನ್ನೇ ಪರೀಕ್ಷಿಸಿ

ಗದ್ಯ ಕೊಡದೆ ಪ್ರಶ್ನೆಗಳನ್ನಷ್ಟೇ ಯಾರಿಗಾದರೂ ಕೊಟ್ಟು ನೋಡಿ. ‘ಮಳೆ ಬಂದಾಗ ರವಿ ಏನು ಹಿಡಿದುಕೊಂಡ?’ ಎಂದರೆ ಗದ್ಯ ಓದದವರೂ ಕೊಡೆ ಎನ್ನುತ್ತಾರೆ. ಅಂಥದ್ದನ್ನು ತೆಗೆದುಹಾಕಿ.

ಪರೀಕ್ಷೆ ಮುಗಿದ ಮೇಲೆ ಪ್ರತಿ ಪ್ರಶ್ನೆಯ ಮುಂದೆ ಎಷ್ಟು ಮಂದಿ ಸರಿ ಬರೆದರು ಎಂದು ಎಣಿಸಿ. ಒಟ್ಟು ಅಂಕದಲ್ಲಿ ಮೇಲಿರುವ ಮೂರನೇ ಒಂದು ಪಾಲಿನವರು ತಪ್ಪಿ, ಕೆಳಗಿನ ಪಾಲಿನವರು ಸರಿ ಬರೆದಿದ್ದರೆ ಪ್ರಶ್ನೆಯಲ್ಲೋ ನಿಮ್ಮ ಉತ್ತರಪಟ್ಟಿಯಲ್ಲೋ ದೋಷವಿದೆ. ಆ ಪ್ರಶ್ನೆಯ ಅಂಕವನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಉತ್ತರ ಪತ್ರಿಕೆಯನ್ನು ಅದೇ ವಾರ ಹಿಂದಿರುಗಿಸಿ. ಅರ್ಥದ ಕಲಂ ಖಾಲಿಯಿರುವ ಮಕ್ಕಳಿಗೆ ಸುಲಭದ ಗದ್ಯಗಳನ್ನು ಹೆಚ್ಚು ಓದಿಸಬೇಕು, ಅವರಿಗೆ ಟೆನ್ಸ್ ಪಟ್ಟಿ ಕೊಟ್ಟು ಪ್ರಯೋಜನವಿಲ್ಲ. ರೂಪದ ಕಲಂ ಮಾತ್ರ ಖಾಲಿಯಿರುವವರನ್ನು ಜೋಡಿಯಾಗಿ ಕೂರಿಸಿ, ತಾವು ಬರೆದ ವಾಕ್ಯವನ್ನು ತಾವೇ ತಿದ್ದಲು ಹೇಳಿ. ಒಂದು ತಿಂಗಳ ಬಳಿಕ ಅಷ್ಟೇ ಉದ್ದದ, ಅಷ್ಟೇ ಹೊಸ ಪದಗಳಿರುವ ಇನ್ನೊಂದು ಗದ್ಯ ಕೊಟ್ಟು, ಅದೇ ಎರಡು ಕಲಂಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ.