ಎಚ್‌ಆರ್‌ವಿ ನೋಡಿ ಸೈಕಲ್ ಹತ್ತುವುದು ಹೇಗೆ?

ಪುಣೆಯ ನಮ್ಮ ಕನ್ನಡ ಸೈಕಲ್ ಗೆಳೆಯರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಈಗ ಬೆಳಗಾದರೆ ಒಂದೇ ಪ್ರಶ್ನೆ: 'ಇವತ್ತು ನಿಂದೆಷ್ಟು?' ಕೇಳುವುದು ಎಚ್‌ಆರ್‌ವಿ (ಹಾರ್ಟ್ ರೇಟ್ ವೇರಿಯಬಿಲಿಟಿ), ಅಂದರೆ ಎದೆಬಡಿತಗಳ ನಡುವಿನ ಅಂತರದ ಏರುಪೇರು. ಒಬ್ಬರದು 71, ಇನ್ನೊಬ್ಬರದು 38. 38 ಬಂದವರು ಮುಖ ಸಪ್ಪೆ ಮಾಡಿಕೊಂಡು ಊರಾಚೆಯ ಸಿಂಹಗಡ ಕೋಟೆಯ ಏರು ತಪ್ಪಿಸುತ್ತಾರೆ. ಸುಮ್ನೆ ಕೊರಗು. ಇದು ಪಕ್ಕದವರ ಜೊತೆ ಹೋಲಿಸುವ ಲೆಕ್ಕವೇ ಅಲ್ಲ. ವಯಸ್ಸಾದಂತೆ ಇಳಿಯುತ್ತದೆ, ಒಂದೇ ವಯಸ್ಸಿನವರಲ್ಲೂ ಬಹಳ ವ್ಯತ್ಯಾಸ ಇರುತ್ತದೆ.

ನಾಡಿ ನಿಮಿಷಕ್ಕೆ 60 ಅಂದರೆ ಸೆಕೆಂಡಿಗೊಂದು ಬಡಿತ ಅಂತಲ್ಲ. ಒಂದು 960 ಮಿಲಿಸೆಕೆಂಡಿಗೆ ಬಂದರೆ ಮುಂದಿನದು 1,030ಕ್ಕೆ. ಈ ಏರುಪೇರೇ ಎಚ್‌ಆರ್‌ವಿ. ಮೈ ಸುಧಾರಿಸಿಕೊಂಡಿದ್ದಾಗ ಎದೆಬಡಿತ ನಿಧಾನ ಮಾಡುವ ವೇಗಸ್ ನರದ ಹಿಡಿತ ಹೆಚ್ಚು, ಏರುಪೇರೂ ಹೆಚ್ಚು. ದಣಿವು, ಜ್ವರ, ನಿದ್ದೆಗೇಡು, ರಾತ್ರಿಯ ಬಿಯರ್ ಅದನ್ನು ಇಳಿಸುತ್ತವೆ.

ಇದನ್ನು ಅಳೆಯಲು ಮೊದಲು ಎದೆಗೆ ಕಟ್ಟುವ ಪಟ್ಟಿ ಕೊಳ್ಳಿ. ಅಗ್ಗದ ಕೆಲವು ಪಟ್ಟಿಗಳು ನಾಡಿ ಎಷ್ಟು ಅಂತಷ್ಟೇ ಹೇಳುತ್ತವೆ. 'ಆರ್‌ಆರ್ ಇಂಟರ್ವಲ್ (ಒಂದು ಬಡಿತದಿಂದ ಮುಂದಿನದಕ್ಕೆ ಇರುವ ಅಂತರ) ಕೊಡುತ್ತಾ?' ಅಂತ ಕೇಳಿಯೇ ದುಡ್ಡು ಕೊಡಿ. ಪಟ್ಟಿಗೆ ಜೋಡಿಸಿದ ಫೋನಿನ ಆ್ಯಪ್‌ನಲ್ಲಿ ಆರ್‌ಎಂಎಸ್‌ಎಸ್‌ಡಿ ನೋಡಿ, ಅಕ್ಕಪಕ್ಕದ ಅಂತರಗಳು ಎಷ್ಟು ಬದಲಾಗುತ್ತವೆ ಅನ್ನುವ ಅಂಕಿ ಅದು. ಆ್ಯಪಲ್ ವಾಚ್ ತೋರಿಸುವುದು ಎಸ್‌ಡಿಎನ್‌ಎನ್, ಅದು ಎಲ್ಲ ಅಂತರಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಬೇರೆ ಲೆಕ್ಕ. ಎರಡನ್ನೂ ಬೆರೆಸಬೇಡಿ.

ಎಲ್ಲರೂ ಎಡವುವುದು ಅಳೆಯುವಾಗ. ಎದ್ದು ಮೂತ್ರಕ್ಕೆ ಹೋಗಿ ಬನ್ನಿ. ಚಹಾ ಬೇಡ, ಫೋನಿನಲ್ಲಿ ಆಫೀಸಿನ ಮೆಸೇಜ್ ಅಂತೂ ಬೇಡವೇ ಬೇಡ. ಪಟ್ಟಿಯ ಒಳಬದಿಯ ಎರಡು ಕಪ್ಪು ಪಟ್ಟೆಗಳನ್ನು ನೀರಲ್ಲಿ ಚೆನ್ನಾಗಿ ಒದ್ದೆ ಮಾಡಿ, ಎದೆಯ ಕೆಳಗೆ ಬಿಗಿಯಾಗಿ ಕಟ್ಟಿ. ಒಣ ಪಟ್ಟಿ ನಡುವೆ ಒಂದು ಬಡಿತ ತಪ್ಪಿಸಿದರೆ ಸಾಕು, 40 ಇರಬೇಕಾದ್ದು 90 ಆಗಿ ಕೂರುತ್ತದೆ. ಕುರ್ಚಿಯಲ್ಲಿ ಕುಳಿತು ಒಂದು ನಿಮಿಷ ಸುಮ್ಮನಿರಿ, ಆಮೇಲೆ ಒಂದೆರಡು ನಿಮಿಷ ಅಳೆಯಿರಿ. ಒಂದು ದಿನ ಮಲಗಿ, ಮರುದಿನ ಕುಳಿತು ಅಳೆದರೆ ಎರಡೂ ದಂಡ. ನನ್ನ ಕೇಳಿದರೆ ಕುಳಿತೇ ಅಳೆಯಿರಿ. ವರ್ಷಗಟ್ಟಲೆ ಸೈಕಲ್ ತುಳಿದು ನಾಡಿ ತೀರಾ ಕಡಿಮೆಯಾದವರಿಗೆ ಮಲಗಿದಾಗ ಬರುವ ಅಂಕಿ ದಾರಿ ತಪ್ಪಿಸಬಹುದು. ಉಸಿರು ತನ್ನ ಪಾಡಿಗೆ ಇರಲಿ. ಪ್ರಾಣಾಯಾಮ ಮಾಡಿದರೆ ಅಂಕಿ ಏರುತ್ತದೆ, ಚೇತರಿಕೆ ಏರುವುದಿಲ್ಲ. ಕೆಮ್ಮಿದಿರಾ, ಡೋರ್‌ಬೆಲ್ ಆಯಿತಾ? ಮತ್ತೆ ಅಳೆಯಿರಿ.

ಮೂರ್ನಾಲ್ಕು ವಾರ ಬರೀ ಬರೆದಿಡಿ. ಆಮೇಲೆ ಏಳು ದಿನದ ಸರಾಸರಿ ನೋಡಿ.

ಸರಾಸರಿ ನಿಮ್ಮ ಮಾಮೂಲಿ ಮಟ್ಟದಲ್ಲಿದ್ದರೆ ಅಂದುಕೊಂಡಂತೆ ತುಳಿಯಿರಿ. ಒಂದು ದಿನ ಅಂಕಿ ಬಿದ್ದರೆ ಗಾಬರಿ ಬೇಡ, ಸಿಂಹಗಡದ ಏರು ಬಿಟ್ಟು ಸಮತಟ್ಟಾದ ರಸ್ತೆಯಲ್ಲಿ ಮಾತಾಡಿಕೊಂಡು ಹೋಗುವಷ್ಟು ನಿಧಾನ ಹೋಗಿ. ಸರಾಸರಿಯೇ ಇಳಿಯುತ್ತಾ, ಬೆಳಗಿನ ನಾಡಿ ಏರುತ್ತಾ, ಕಾಲೂ ಭಾರ ಅನ್ನಿಸುತ್ತಾ? ಸೈಕಲ್ ಮೂಲೆಗೆ ಸೇರಲಿ. ವಾಚಿನ ನೂರಕ್ಕಿಷ್ಟು ಅನ್ನುವ 'ರಿಕವರಿ ಸ್ಕೋರ್' ನಾನು ನೋಡುವುದೇ ಇಲ್ಲ. ಅದರೊಳಗೆ ಏನೇನು ಕಲಸಿದ್ದಾರೋ! ಇನ್ನೊಂದು ವಿಷಯ: ಭಾರಿ ತರಬೇತಿಯ ವಾರಗಳಲ್ಲಿ ಅಂಕಿ ದಿಢೀರನೆ ಮಾಮೂಲಿಗಿಂತ ಮೇಲೆ ಹಾರಿದರೂ ಹಿಗ್ಗಬೇಡಿ. ಅದೂ ಕೆಲವೊಮ್ಮೆ ಅತಿ ದಣಿವಿನ ಗುರುತು. ಪಟ್ಟಿ ಸರಿಯಿದ್ದೂ ಬಡಿತ ತಪ್ಪುತ್ತಿದೆ ಅಂತ ಆ್ಯಪ್ ಮತ್ತೆ ಮತ್ತೆ ಹೇಳಿದರೆ ಡಾಕ್ಟರ ಹತ್ತಿರ ಇಸಿಜಿ ಮಾಡಿಸಿ.

600 ಕಿ.ಮೀ. ಬಿಆರ್‌ಎಂ (ಗೊತ್ತಾದ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ) ಮುಗಿಸಲು ಸಿಗುವುದು 40 ಗಂಟೆ. ಅದು ಇರುವ ದಿನ ಬೆಳಗ್ಗೆ ಅಳೆಯಲೇಬೇಡಿ. ಆತಂಕಕ್ಕೇ ಅಂಕಿ ಇಳಿದಿರುತ್ತದೆ, ದುಡ್ಡಂತೂ ಕಟ್ಟಿಯಾಗಿದೆ, ಹೋಗಲೇಬೇಕು ಅಲ್ವಾ?